ಶಿಖರಕ್ಕೂ ಪಹಣಿ ಇದೆ: ಕೊಲೊರಾಡೊ ಬೆಟ್ಟಗಳ ದಾರಿ ಜಗಳದ ಹಿನ್ನೆಲೆ

ಮೌಂಟ್ ಬ್ರಾಸ್‌ನ ತುದಿ ಕಣ್ಣೆದುರಿಗೇ ಇರುತ್ತದೆ. ದಿಣ್ಣೆಯ ಮೇಲೆ ನಡೆದು ಬಂದವರಿಗೆ ಅಲ್ಲೊಂದು ಕವಲು ಸಿಗುತ್ತದೆ. ಒಂದು ದಾರಿ ಸೀದಾ ತುದಿಗೆ ಹೋಗುತ್ತದೆ. ಇನ್ನೊಂದು ತುದಿಯನ್ನು ಬಳಸಿಕೊಂಡು ಕೆಳಕ್ಕೆ ಇಳಿಯುತ್ತದೆ. ತುದಿ ಖಾಸಗಿ ಜಾಗ, ಅಲ್ಲಿಗೆ ಹೋಗುವಂತಿಲ್ಲ. ಬೆಳಗಿನ ಜಾವ ಎದ್ದು, ಏದುಸಿರು ಬಿಡುತ್ತ ಹತ್ತಿ ಬಂದವರಿಗೆ ಇದು ಎಷ್ಟು ಕಷ್ಟದ ಮಾತು ಅಂತ ಅಲ್ಲಿ ನಿಂತವರಿಗೇ ಗೊತ್ತು. ನಾನೂ ನಿಂತಿದ್ದೇನೆ. ಬೆಟ್ಟದ ನೆತ್ತಿ ಒಬ್ಬರ ಆಸ್ತಿ ಆಗೋದು ಹೇಗೆ ಅನ್ನುವ ಪ್ರಶ್ನೆ ನನ್ನ ತಲೆಗೆ ಹೊಕ್ಕಿದ್ದು ಅಲ್ಲೇ.

ಅಮೆರಿಕದ ಕೊಲೊರಾಡೊ ರಾಜ್ಯದಲ್ಲಿ 14,000 ಅಡಿ ದಾಟಿದ ಶಿಖರಗಳು ಐವತ್ತಕ್ಕೂ ಜಾಸ್ತಿ ಇವೆ. ಅಲ್ಲಿನವರು ಅವನ್ನು 'ಫೋರ್ಟೀನರ್' ಅಂತ ಕರೆಯುತ್ತಾರೆ. ನಮ್ಮ ಮುಳ್ಳಯ್ಯನಗಿರಿಯ ಮೇಲೆ ಇನ್ನೊಂದು ಮುಳ್ಳಯ್ಯನಗಿರಿ ಇಟ್ಟರೂ ಆ ಎತ್ತರ ಮುಟ್ಟುವುದಿಲ್ಲ. ಆದರೂ ಇವುಗಳಲ್ಲಿ ಎಷ್ಟೋ ಶಿಖರಗಳಿಗೆ ಹಗ್ಗ ಬೇಡ, ಗಟ್ಟಿ ಕಾಲಿದ್ದರೆ ಸಾಕು. ಅದಕ್ಕೇ ಜನ ಮುಗಿಬೀಳುತ್ತಾರೆ. ಈ ಬೆಟ್ಟಗಳ ದಾರಿಗಳನ್ನು ನೋಡಿಕೊಳ್ಳುವ 'ಕೊಲೊರಾಡೊ ಫೋರ್ಟೀನರ್ಸ್ ಇನಿಷಿಯೇಟಿವ್' ಎಂಬ ಸಂಸ್ಥೆಯ ಅಂದಾಜಿನ ಪ್ರಕಾರ, 2020ರ ಒಂದೇ ವರ್ಷದಲ್ಲಿ 4 ಲಕ್ಷಕ್ಕೂ ಹೆಚ್ಚು ಸಲ ಜನ ಈ ಶಿಖರಗಳನ್ನು ಹತ್ತಿದರು. ಕೊರೋನಾ ಕಾಲ, ಬೇರೆಲ್ಲ ಬಂದ್ ಆಗಿತ್ತು. ಬೆಟ್ಟ ಮಾತ್ರ ತೆರೆದಿತ್ತು.

ಇವುಗಳಲ್ಲಿ ಬಹುಪಾಲು ಸರ್ಕಾರದ ಅರಣ್ಯಭೂಮಿಯಲ್ಲಿವೆ. ಕೆಲವು ಮಾತ್ರ ಅಲ್ಲ. ಜಗಳ ಇರುವುದು ಆ ಕೆಲವುಗಳ ಬಗ್ಗೆ.

ಡೆನ್ವರ್‌ನಿಂದ ಕಾರಿನಲ್ಲಿ ಎರಡು ಗಂಟೆ ಚಿಲ್ಲರೆ ಹೋದರೆ ಆಲ್ಮಾ ಎಂಬ ಪುಟ್ಟ ಊರು. ಅದಕ್ಕೆ ತಾಗಿದಂತೆ ಮಸ್ಕೀಟೊ ಬೆಟ್ಟಸಾಲು. ಡೆಮೊಕ್ರ್ಯಾಟ್, ಕ್ಯಾಮರೂನ್, ಲಿಂಕನ್, ಬ್ರಾಸ್ ಎಂಬ ನಾಲ್ಕು ಶಿಖರಗಳು ಇಲ್ಲಿ ಅಕ್ಕಪಕ್ಕ ಕೂತಿವೆ. ನಾಲ್ಕರ ಹೆಸರಿನ ತುಣುಕು ಸೇರಿಸಿ ಚಾರಣಿಗರು 'ಡಿಕ್ಯಾಲಿಬ್ರಾನ್' ಅನ್ನುತ್ತಾರೆ. ಕೈಟ್ ಲೇಕ್ ಎಂಬ ಕೆರೆಯಿಂದ ಹೊರಟು, ನಾಲ್ಕನ್ನೂ ಸುತ್ತಿ ಅದೇ ಕೆರೆಗೆ ಬಂದು ಸೇರುವ ದಾರಿ ಸುಮಾರು 11-12 ಕಿಲೋಮೀಟರ್. ಕೆರೆ ಇರುವುದೇ 12,000 ಅಡಿಯಲ್ಲಿ, ಹಾಗಾಗಿ ಮೊದಲ ಹೆಜ್ಜೆಗೇ ಉಸಿರು ಸಾಲದು. ಮರಗಳಿಲ್ಲ, ನೆರಳಿಲ್ಲ. ಜೂನ್‌ನಲ್ಲೂ ಹಿಮ ಉಳಿದಿರುತ್ತದೆ. ಜುಲೈ-ಆಗಸ್ಟ್‌ನಲ್ಲಿ ಮಧ್ಯಾಹ್ನ ಆಯಿತೆಂದರೆ ಗುಡುಗು ಮಿಂಚು, ಬೋಳು ದಿಣ್ಣೆಯ ಮೇಲೆ ಅಡಗಲು ಜಾಗ ಇರಲ್ಲ. ಅದಕ್ಕೇ ಕತ್ತಲಲ್ಲೇ ಹೊರಟು ಮಧ್ಯಾಹ್ನದೊಳಗೆ ಇಳಿದುಬಿಡಬೇಕು. ಬ್ರಾಸ್‌ನಿಂದ ಇಳಿಯುವ ದಾರಿ ಬರೀ ಸಡಿಲ ಕಲ್ಲು. ಒಂದು ಹೆಜ್ಜೆ ಇಟ್ಟರೆ ಎರಡು ಹೆಜ್ಜೆ ಜಾರುತ್ತದೆ.

ದಾರಿಯುದ್ದಕ್ಕೂ ಹಳೇ ಗಣಿಗಳ ಗುರುತುಗಳು. ಕೊಳೆತ ಮರದ ತೊಲೆ, ತುಕ್ಕು ಹಿಡಿದ ಕಬ್ಬಿಣ, ಬೆಟ್ಟದ ಪಕ್ಕೆಯಲ್ಲಿ ಕಪ್ಪು ಬಾಯಿ ತೆರೆದ ಸುರಂಗ. ಫೋಟೋ ತೆಗೆಯುವವರಿಗೆ ಅದು ಚೆಂದ. ನಿಜವಾಗಿ ನೋಡಿದರೆ ಈ ಇಡೀ ಜಗಳದ ಬೇರು ಇರುವುದು ಆ ಕಪ್ಪು ಬಾಯಿಯಲ್ಲೇ.

1870ರ ಆಸುಪಾಸಿನಲ್ಲಿ ಬ್ರಾಸ್ ಬೆಟ್ಟದಲ್ಲಿ ಬೆಳ್ಳಿ ಸಿಕ್ಕಿತು. ಜನ ಗುದ್ದಲಿ ಹಿಡಿದು 13-14 ಸಾವಿರ ಅಡಿ ಎತ್ತರಕ್ಕೆ ಹತ್ತಿದರು. 1872ರಲ್ಲಿ ಅಮೆರಿಕ ಸರ್ಕಾರ ಒಂದು ಗಣಿ ಕಾಯ್ದೆ ತಂದಿತು. ಸರ್ಕಾರಿ ಭೂಮಿಯಲ್ಲಿ ಅದಿರು ಕಂಡವನು ಗೂಟ ಹೊಡೆದು ಆ ಜಾಗ ತನ್ನದು ಅನ್ನಬಹುದು. ಹೀಗೆ ಗೂಟ ಹೊಡೆದ ಒಂದು ಜಾಗದ ಅಳತೆ ಗರಿಷ್ಠ 1,500 ಅಡಿ ಉದ್ದ, 600 ಅಡಿ ಅಗಲ. ಸ್ವಲ್ಪ ಕೆಲಸ ಮಾಡಿ ತೋರಿಸಿ, ಎಕರೆಗೆ 5 ಡಾಲರ್ ಕಟ್ಟಿದರೆ ಪೂರ್ತಿ ಹಕ್ಕುಪತ್ರ. ಒಳಗಿನ ಅದಿರಷ್ಟೇ ಅಲ್ಲ, ಮೇಲಿನ ನೆಲವೂ ಅವನದೇ, ಮಕ್ಕಳು ಮೊಮ್ಮಕ್ಕಳ ಕಾಲದವರೆಗೂ. ಅದಿರಿನ ಪಟ್ಟಿ ಬೆಟ್ಟದ ನೆತ್ತಿಯ ಮೇಲೆ ಹಾದುಹೋದರೆ ಹಕ್ಕುಪತ್ರವೂ ನೆತ್ತಿಯ ಮೇಲೇ ಹಾದುಹೋಯಿತು. ಶಿಖರವನ್ನು ಕೊಳ್ಳಬೇಕು ಅಂತ ಯಾರೂ ಕೊಂಡಿದ್ದಲ್ಲ. ಬೆಳ್ಳಿಯ ಆಸೆಗೆ ಕೊಂಡಾಗ ಶಿಖರವೂ ಜೊತೆಗೆ ಬಂತು.

ಬೆಳ್ಳಿ ಮುಗಿಯಿತು, ಜನ ಇಳಿದು ಹೋದರು, ಪತ್ರ ಮಾತ್ರ ಉಳಿಯಿತು. ಹೊಸ ಹಕ್ಕುಪತ್ರ ಕೊಡುವುದನ್ನು ಅಮೆರಿಕದ ಸಂಸತ್ತು 1994ರಲ್ಲಿ ತಡೆಹಿಡಿಯಿತು. ಆದರೆ ಅದಕ್ಕೆ ಮೊದಲು ಕೊಟ್ಟಿದ್ದು ಕೊಟ್ಟಿದ್ದೇ. ಅಜ್ಜನ ಜಮೀನು ಮೊಮ್ಮಕ್ಕಳ ಕಾಲಕ್ಕೆ ಹತ್ತಾರು ಪಾಲಾಗುವುದು ನಮಗೆ ಹೊಸದೇನಲ್ಲ, ಅಲ್ವಾ? ಬೇರೆ ಬೇರೆ ಊರಲ್ಲಿರುವ ಅಣ್ಣತಮ್ಮಂದಿರ ಸಹಿ ಒಂದು ಕಾಗದಕ್ಕೆ ಹಾಕಿಸುವುದು ಎಷ್ಟು ಪಾಡು ಅಂತ ಭಾಗಪತ್ರ ನೋಡಿದ ಮನೆಗಳಿಗೆ ಗೊತ್ತು. ಬ್ರಾಸ್‌ನ ತುದಿಯದೂ ಇದೇ ಕಥೆ. ಅದಕ್ಕೆ ಒಬ್ಬ ಯಜಮಾನ ಇಲ್ಲ, ಹಲವು ಪಾಲುದಾರರಿದ್ದಾರೆ.

ಎಷ್ಟೋ ದಶಕ ಯಾರೂ ಯಾರನ್ನೂ ಕೇಳಲಿಲ್ಲ. ಜನ ಹತ್ತುತ್ತಿದ್ದರು, ಮಾಲೀಕರು ಸುಮ್ಮನಿದ್ದರು. 2005ರಲ್ಲಿ ಡೆಮೊಕ್ರ್ಯಾಟ್, ಲಿಂಕನ್, ಬ್ರಾಸ್ ಮೂರಕ್ಕೂ ಬೀಗ ಬಿತ್ತು. ಕಾರಣ ದುಡ್ಡಿನ ಆಸೆ ಅಲ್ಲ, ಭಯ. ಯಾರೋ ಒಬ್ಬರು ಹಳೇ ಗಣಿಯ ಗುಂಡಿಗೆ ಬಿದ್ದು ಕೇಸ್ ಹಾಕಿದರೆ? ಗುಂಡಿ ಇದೆ ಅಂತ ಮಾಲೀಕನಿಗೆ ಗೊತ್ತು. ಗೊತ್ತಿದ್ದೂ ಎಚ್ಚರಿಸಲಿಲ್ಲ ಅಂತ ಕೋರ್ಟ್ ಹೇಳಿದರೆ ಆಸ್ತಿಯೆಲ್ಲ ಹೋಗುತ್ತದೆ. ಈ ಭಯವನ್ನು ನಾನು ಹಗುರವಾಗಿ ನೋಡಲಾರೆ. ಬೆಟ್ಟದಿಂದ ಒಂದು ಕಾಸೂ ಹುಟ್ಟದೆ ಇರುವಾಗ, ಬಂದವರ ಕಾಲಿಗೆಲ್ಲ ನೀನೇ ಹೊಣೆ ಅಂದರೆ ಯಾರಾದರೂ ಹೆದರುತ್ತಾರೆ.

2006ರಲ್ಲಿ ಒಂದು ದಾರಿ ಕಂಡಿತು. ಹಳೇ ಗಣಿಗಳ ಅಪಾಯದ ಹೊಣೆಯನ್ನು ಸ್ವಲ್ಪ ಇಳಿಸುವಂತೆ ರಾಜ್ಯ ತನ್ನ ಕಾನೂನು ತಿದ್ದಿತು. ಮುನ್ನೂರರ ಆಸುಪಾಸು ಜನ ಇರುವ ಆಲ್ಮಾ ಊರು ಮುಂದೆ ಬಂದು, ಹೆಸರಿಗಷ್ಟೇ ಬಾಡಿಗೆ ಕೊಟ್ಟು ಬೆಟ್ಟದ ಜಾಗವನ್ನು ಗುತ್ತಿಗೆಗೆ ಹಿಡಿಯಿತು. ಅಷ್ಟು ಸಣ್ಣ ಊರು ಅಷ್ಟು ದೊಡ್ಡ ಬೆಟ್ಟಗಳ ಹೊಣೆ ಹೊತ್ತಿದ್ದು ನನಗೆ ಈ ಕಥೆಯಲ್ಲೇ ತುಂಬಾ ಇಷ್ಟವಾದ ಭಾಗ. ಡೆಮೊಕ್ರ್ಯಾಟ್, ಲಿಂಕನ್ ಮತ್ತೆ ತೆರೆದವು. ಬ್ರಾಸ್‌ನ ಪಾಲುದಾರರೆಲ್ಲ ಒಪ್ಪದೆ ಅದರ ತುದಿ ಮುಚ್ಚಿಯೇ ಉಳಿಯಿತು. ತುದಿ ಬಳಸಿ ಹೋಗುವ ದಾರಿ ಬಳಕೆಗೆ ಬಂದಿದ್ದು ಹೀಗೆ.

ಆಮೇಲೆ ಬಂದ ಆಪತ್ತು ಬೆಟ್ಟದಿಂದ ಬರಲಿಲ್ಲ. 2008ರಲ್ಲಿ ಕೊಲೊರಾಡೊ ಸ್ಪ್ರಿಂಗ್ಸ್ ಹತ್ತಿರದ ವಾಯುಪಡೆ ಅಕಾಡೆಮಿಯ ಜಾಗದಲ್ಲಿ ಒಬ್ಬರು ಡಾಂಬರು ದಾರಿಯ ಮೇಲೆ ಸೈಕಲ್ ತುಳಿಯುತ್ತಿದ್ದರು. ದಾರಿ ಕುಸಿದು ಗುಂಡಿಯಾಗಿತ್ತು. ಅದಕ್ಕೆ ಬಿದ್ದು ಅವರಿಗೆ ತೀವ್ರ ಪೆಟ್ಟಾಯಿತು. ಗುಂಡಿಯನ್ನು ಅಲ್ಲಿನ ಸಿಬ್ಬಂದಿಯೊಬ್ಬರು ಮೊದಲೇ ನೋಡಿದ್ದರು ಅನ್ನುವುದು ವಿಚಾರಣೆಯಲ್ಲಿ ಹೊರಬಂತು. ಕೇಸ್ ವರ್ಷಗಟ್ಟಲೆ ಎಳೆಯಿತು. 2019ರಲ್ಲಿ ಮೇಲ್ಮನವಿ ನ್ಯಾಯಾಲಯ ಗಾಯಾಳುವಿನ ಪರವಾದ ತೀರ್ಪನ್ನು ಎತ್ತಿಹಿಡಿಯಿತು. ಪರಿಹಾರ ಸುಮಾರು 73 ಲಕ್ಷ ಡಾಲರ್.

ಇದರ ಹಿಂದಿನ ಕಾನೂನು ಹೀಗಿದೆ. ದುಡ್ಡು ತೆಗೆದುಕೊಳ್ಳದೆ ಜನರನ್ನು ತನ್ನ ಜಾಗದಲ್ಲಿ ತಿರುಗಾಡಲು ಬಿಟ್ಟರೆ ಮಾಲೀಕನ ಮೇಲೆ ಕೇಸ್ ಹಾಕುವಂತಿಲ್ಲ. ಒಳ್ಳೆಯ ಕಾನೂನು. ಆದರೆ ಅದರಲ್ಲೊಂದು ಕಂಡಿ ಇತ್ತು. ಅಪಾಯ ಗೊತ್ತಿದ್ದೂ ಬೇಕೆಂದೇ ಎಚ್ಚರಿಸದೆ ಬಿಟ್ಟರೆ ರಕ್ಷಣೆ ಇಲ್ಲ. 'ಬೇಕೆಂದೇ' ಅನ್ನುವ ಮಾತು ಎಲ್ಲಿಯವರೆಗೆ ಹಿಗ್ಗಬಹುದು ಅಂತ ಆ ತೀರ್ಪು ತೋರಿಸಿಬಿಟ್ಟಿತು. ಗಾಯಗೊಂಡವರಿಗೆ ನ್ಯಾಯ ಸಿಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬೆಟ್ಟಗಳ ಮಾಲೀಕರು ಆ ತೀರ್ಪಿನಲ್ಲಿ ಕಂಡದ್ದು ತಮ್ಮ ಗಣಿಗಳನ್ನು.

ಪರಿಣಾಮ ಬೇಗ ಕಂಡಿತು. 2021ರಲ್ಲಿ ದಕ್ಷಿಣದ ಮೌಂಟ್ ಲಿಂಡ್ಸೀ ಮುಚ್ಚಿತು. 2023ರ ವಸಂತದಲ್ಲಿ ಕಾನೂನಿನ ಕಂಡಿ ಮುಚ್ಚುವ ಮಸೂದೆ ರಾಜ್ಯದ ಸೆನೆಟ್ ಸಮಿತಿಯಲ್ಲೇ ಬಿದ್ದುಹೋಯಿತು. ಕೂಡಲೇ ಡೆಮೊಕ್ರ್ಯಾಟ್, ಲಿಂಕನ್ ದಾರಿಗಳಿಗೂ ಮತ್ತೆ ತಡೆ ಬಿತ್ತು. ಬೇಸಿಗೆಯಲ್ಲಿ ತೆರೆದಾಗ ಹೊಸ ಪದ್ಧತಿ ಬಂದಿತ್ತು: ಹತ್ತುವ ಮೊದಲು ಫೋನ್‌ನಲ್ಲಿ ಒಂದು ಪತ್ರ ತೆರೆದು, ನನಗೆ ಏನಾದರೂ ಆದರೆ ಮಾಲೀಕರ ಮೇಲೆ ಕೇಸ್ ಹಾಕುವುದಿಲ್ಲ ಅಂತ ಸಹಿ ಮಾಡಬೇಕು. ಅದೇ ವರ್ಷ 'ದಿ ಕನ್ಸರ್ವೇಶನ್ ಫಂಡ್' ಎಂಬ ಸಂಸ್ಥೆ ಡೆಮೊಕ್ರ್ಯಾಟ್ ತುದಿಯೂ ಸೇರಿ ಸುಮಾರು 290 ಎಕರೆ ಕೊಂಡಿತು. ಅದು ಅಮೆರಿಕ ಸರ್ಕಾರದ ಅರಣ್ಯ ಸೇವೆಯ ಕೈಗೆ ಹೋಯಿತು. 1872ರ ಕಾಗದದಿಂದ ಹೊರಬರಲು ಇದಕ್ಕಿಂತ ಗಟ್ಟಿಯಾದ ದಾರಿ ಬೇರೆ ಇಲ್ಲ ಅಂತ ನನ್ನ ಅನಿಸಿಕೆ. ಟೆಲ್ಯೂರೈಡ್ ಹತ್ತಿರದ ವಿಲ್ಸನ್ ಪೀಕ್‌ನಲ್ಲೂ ಹೀಗೇ ಆಗಿತ್ತು. 2004ರಲ್ಲಿ ಅಲ್ಲಿನ ದಾರಿ ಮುಚ್ಚಿತು. 2007ರಲ್ಲಿ 'ಟ್ರಸ್ಟ್ ಫಾರ್ ಪಬ್ಲಿಕ್ ಲ್ಯಾಂಡ್' ಜಾಗ ಕೊಂಡ ಮೇಲೆ ಹೊಸ ದಾರಿಗೆ ಅವಕಾಶವಾಯಿತು.

2024ರ ಮಾರ್ಚ್‌ನಲ್ಲಿ ಗವರ್ನರ್ ಜೇರೆಡ್ ಪೋಲಿಸ್ ಕೊನೆಗೂ ಹೊಸ ಕಾನೂನಿಗೆ ಸಹಿ ಹಾಕಿದರು. ಜನ ಒಳಗೆ ಬರುವ ಮುಖ್ಯ ಜಾಗದಲ್ಲಿ ಅಪಾಯಗಳನ್ನು ತಿಳಿಸುವ ಬೋರ್ಡ್ ಹಾಕಿದರೆ ಮಾಲೀಕ ಎಚ್ಚರಿಕೆ ಕೊಟ್ಟಂತೆ. ಒಂದೊಂದು ಗುಂಡಿಯ ಪಕ್ಕ ಒಂದೊಂದು ಬೋರ್ಡ್ ಬೇಕಿಲ್ಲ. ಗುರುತಿಸಿದ ದಾರಿ ಬಿಟ್ಟು ಆಚೆ ಹೋದವರು ಅತಿಕ್ರಮ ಪ್ರವೇಶ ಮಾಡಿದಂತೆ. ಚಾರಣಿಗರು ಈ ಕೊನೇ ಮಾತನ್ನು ಸರಿಯಾಗಿ ಓದಬೇಕು. ದಾರಿ ತೆರೆದಿದೆ ಅಂದರೆ ಬೆಟ್ಟ ತೆರೆದಿದೆ ಅಂತಲ್ಲ. ಎರಡು ಅಡಿ ಅಗಲದ ದಾರಿ ಮಾತ್ರ ತೆರೆದಿದೆ. ಗಣಿ ಬಾಯಿಯ ಹತ್ತಿರ ಒಂದು ಫೋಟೋ ಅಂತ ಆಚೆ ಹೋಗುವವರನ್ನು ನಾನು ಕಣ್ಣಾರೆ ನೋಡಿದ್ದೇನೆ. ಮಾಲೀಕರ ಭಯಕ್ಕೆ ಗೊಬ್ಬರ ಹಾಕುವುದು ಅಂಥ ಹೆಜ್ಜೆಗಳೇ. ಬೇಜಾರಾಗುತ್ತದೆ.

ಇಷ್ಟು ಹೊತ್ತು ಮಾಲೀಕರ ಕಡೆಯಿಂದ ಹೇಳಿದೆ. ಕುಲೆಬ್ರಾ ಶಿಖರದ ಕಥೆ ಕೇಳಿದರೆ ಮಾಲೀಕ ಅನ್ನುವ ಪದವೇ ಅಲುಗಾಡುತ್ತದೆ.

ಕುಲೆಬ್ರಾ ಇರುವುದು ರಾಜ್ಯದ ದಕ್ಷಿಣ ತುದಿಯಲ್ಲಿ, ದೊಡ್ಡ ಖಾಸಗಿ ರ‍್ಯಾಂಚ್ ಒಂದರ ಒಳಗೆ. ಹತ್ತಬೇಕೆಂದರೆ ಮೊದಲೇ ಕಾಯ್ದಿರಿಸಬೇಕು. ತಲೆಗೆ 150 ಡಾಲರ್ ದರ. ದುಡ್ಡು ಕೊಟ್ಟವರಿಗೆ ನಿಗದಿಯಾದ ದಿನ ಗೇಟ್ ತೆರೆಯುತ್ತದೆ. ಇಲ್ಲಿ ಗಣಿ ಇಲ್ಲ. ಇದು ಮೆಕ್ಸಿಕೋ ಕಾಲದ ಉಂಬಳಿ. 1844ರಲ್ಲಿ, ಈ ನೆಲ ಇನ್ನೂ ಮೆಕ್ಸಿಕೋದ್ದಾಗಿದ್ದಾಗ, ಸುಮಾರು 10 ಲಕ್ಷ ಎಕರೆಯ ಉಂಬಳಿ ಕೊಡಲಾಯಿತು. ಯುದ್ಧ ಮುಗಿದು 1848ರಲ್ಲಿ ನೆಲ ಅಮೆರಿಕದ್ದಾಯಿತು. ಒಕ್ಕಲು ಬಂದು ನೆಲೆಸಿದವರು 1851ರಲ್ಲಿ ಸಾನ್ ಲೂಯಿಸ್ ಊರು ಕಟ್ಟಿದರು. ಕೊಲೊರಾಡೊದ ಅತಿ ಹಳೆಯ ಊರು ಅದು. 1863ರಲ್ಲಿ ಉಂಬಳಿಯ ಒಡೆಯ ಕಾರ್ಲೋಸ್ ಬೋಬಿಯನ್, ಊರಿನವರಿಗೆ ಹುಲ್ಲು, ನೀರು, ಸೌದೆ, ಮರದ ಹಕ್ಕಿದೆ ಅಂತ ಬರೆದುಕೊಟ್ಟ. ಅವರು ಆ ಬೆಟ್ಟವನ್ನು 'ಲಾ ಸಿಯೆರಾ' ಅನ್ನುತ್ತಾರೆ. ಮಲೆನಾಡಿನ ಸೊಪ್ಪಿನ ಬೆಟ್ಟ ಗೊತ್ತಿದ್ದವರಿಗೆ ಈ ಸಂಬಂಧ ಬೇಗ ಅರ್ಥವಾಗುತ್ತದೆ. ಪಹಣಿಯಲ್ಲಿ ಯಾರದೇ ಹೆಸರಿರಲಿ, ಬದುಕು ಅದರ ಮೇಲೆ ನಿಂತಿರುತ್ತದೆ.

1960ರಲ್ಲಿ ಜ್ಯಾಕ್ ಟೇಲರ್ ಎಂಬ ಮರದ ವ್ಯಾಪಾರಿ ಸುಮಾರು 77,000 ಎಕರೆ ಕೊಂಡು ದಾರಿಗಳನ್ನು ಮುಚ್ಚಿಸಿದ. ನೂರು ವರ್ಷ ದನ ಮೇಯಿಸಿದವರು ರಾತ್ರೋರಾತ್ರಿ ಅತಿಕ್ರಮಣಕಾರರಾದರು. 1981ರಲ್ಲಿ ಅವರು ಕೋರ್ಟಿಗೆ ಹೋದರು. ಕೇಸ್ ಹಾಕಿದವರಲ್ಲಿ ಎಷ್ಟೋ ಜನ ತೀರ್ಪು ನೋಡದೆಯೇ ತೀರಿಕೊಂಡರು. 2002ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಅವರ ಪರ ನಿಂತಿತು: ದನ ಮೇಯಿಸಬಹುದು, ಸೌದೆ ತರಬಹುದು, ಮರ ತರಬಹುದು. ಆದರೆ ಬೇಟೆ, ಮೀನು, ವಿಹಾರಕ್ಕೆ ಹಕ್ಕಿಲ್ಲ ಅಂತಲೂ ಹೇಳಿತು.

ಇದನ್ನು ಮೊದಲ ಸಲ ಓದಿದಾಗ ನಾನು ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ಆ ಬೆಟ್ಟದ ಸೌದೆಯಲ್ಲಿ ನೂರು ವರ್ಷ ಅಡುಗೆ ಮಾಡಿದ ಮನೆಯವರು ಇವತ್ತು ಸೌದೆಗೆ ಹೋಗಬಹುದು. ಬರೀ ತುದಿಯಲ್ಲಿ ನಿಂತು ತಮ್ಮ ಊರು ನೋಡಿ ಬರೋಣ ಅಂದರೆ ಅದು ಆ ಹಕ್ಕಿನೊಳಗೆ ಬರುವುದಿಲ್ಲ. ರ‍್ಯಾಂಚ್‌ನ ಎತ್ತರದ ಬೇಲಿಯ ಬಗ್ಗೆ ಊರಿನವರ ಜಗಳ ಈ ದಶಕದಲ್ಲೂ ಮತ್ತೆ ಕೋರ್ಟ್ ಹತ್ತಿದೆ. ಚಾರಣಿಗರು 150 ಡಾಲರ್ ಜಾಸ್ತಿಯಾಯಿತು ಅಂತ ಮಾತಾಡುವಾಗ ಈ ಊರಿನವರ ಮಾತು ಬರುವುದೇ ಇಲ್ಲ. ಬರಬೇಕು.

ಹೊಸ ಕಾನೂನು ಬಂದ ಮೇಲೆ ಲಿಂಡ್ಸೀ ಮತ್ತೆ ತೆರೆಯಿತು. ಅಲ್ಲೂ ಮೊದಲು ಸಹಿ ಮಾಡಿ ಹೋಗಬೇಕು. ಡೆಮೊಕ್ರ್ಯಾಟ್ ಈಗ ಎಲ್ಲರದು. ಲಿಂಕನ್ ಮತ್ತು ಕ್ಯಾಮರೂನ್‌ಗೆ ಗುರುತಿಸಿದ ದಾರಿಯಲ್ಲಿ ಹೋಗಬಹುದು. ಈ ಸ್ಥಿತಿ ಒಂದು ಋತುವಿನಿಂದ ಇನ್ನೊಂದಕ್ಕೆ ಬದಲಾಗಿದ್ದುಂಟು. ಅದಕ್ಕೇ ಹೊರಡುವ ಹಿಂದಿನ ದಿನ ಹಿಮ, ಗುಡುಗಿನ ಮುನ್ಸೂಚನೆ ನೋಡುವಾಗಲೇ ದಾರಿ ತೆರೆದಿದೆಯಾ ಅಂತಲೂ ನೋಡಿಕೊಳ್ಳಿ.

ಬ್ರಾಸ್ ಕವಲಿನಲ್ಲಿ ನಾನು ನಿಂತಿದ್ದಾಗ ಇಬ್ಬರು ವಯಸ್ಸಾದ ಗಂಡಹೆಂಡತಿ ಹಿಂದಿನಿಂದ ಬಂದರು. ತುದಿಯನ್ನೊಮ್ಮೆ ನೋಡಿದರು, ನೀರು ಕುಡಿದರು. ಆಮೇಲೆ ಬಳಸು ದಾರಿಗೆ ತಿರುಗಿದರು. ನಾನೂ ಅವರ ಹಿಂದೆ ಇಳಿದೆ. ತುದಿಯ ಕಡೆಯ ದಾರಿಯಲ್ಲಿ ಹೆಜ್ಜೆ ಗುರುತುಗಳು ಇದ್ದವು, ತುಂಬಾ ಇದ್ದವು.