ಡಬ್ಲ್ಯುಸಿಎಚ್‌ಆರ್: ಎಲ್ಲ ಇರುವುದು ಕೊನೇ ಅಕ್ಷರದಲ್ಲಿ

ವಿಮಾನದ ಟಿಕೆಟ್ ಮಾಡಿಸುವಾಗ 'ವೀಲ್‌ಚೇರ್ ಬೇಕು' ಅಂತ ಹೇಳಿದರೆ ಬುಕಿಂಗ್‌ಗೆ ನಾಲ್ಕು ಅಕ್ಷರದ ಒಂದು ಕೋಡ್ ಅಂಟಿಕೊಳ್ಳುತ್ತದೆ. ಡಬ್ಲ್ಯುಸಿಎಚ್‌ಆರ್, ಡಬ್ಲ್ಯುಸಿಎಚ್‌ಎಸ್, ಇಲ್ಲವೇ ಡಬ್ಲ್ಯುಸಿಎಚ್‌ಸಿ. ಮೊದಲ ಮೂರು ಅಕ್ಷರ ವೀಲ್‌ಚೇರ್ ಅನ್ನುವುದರ ಚುಟುಕು ರೂಪ, ಅಷ್ಟೇ. ಕೊನೆಯದು ನಿಮ್ಮ ಕಾಲು ಎಲ್ಲಿಯ ತನಕ ನಿಮ್ಮನ್ನು ಕರೆದೊಯ್ಯುತ್ತದೆ ಅಂತ ಹೇಳುತ್ತದೆ. ನಿಮಗೆ ಎಷ್ಟು ಜನ ಬರುತ್ತಾರೆ, ಯಾವ ಗಾಡಿ ಬರುತ್ತದೆ, ಯಾವ ಕುರ್ಚಿ ಬರುತ್ತದೆ ಎಲ್ಲ ಆ ಒಂದು ಅಕ್ಷರದ ಮೇಲೆ ನಿಂತಿದೆ.

ಇವು ವಿಮಾನ ಕಂಪನಿಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಐಎಟಿಎಯ ಕೋಡ್‌ಗಳು. ಹಾಗಾಗಿ ಯಾವ ದೇಶದ ಯಾವ ಕಂಪನಿಯ ಕಂಪ್ಯೂಟರಿನಲ್ಲಿ ನೋಡಿದರೂ ಅರ್ಥ ಒಂದೇ.

ಆರ್ ಅಂದರೆ ರ್‍ಯಾಂಪ್. ಆಸ್ಪತ್ರೆ ಬಾಗಿಲಲ್ಲಿರುವ ಇಳಿಜಾರಲ್ಲ. ವಿಮಾನ ನಿಲ್ಲುವ ಜಾಗಕ್ಕೆ ಅಲ್ಲಿಯವರು ಹಾಗನ್ನುತ್ತಾರೆ. ಈ ಕೋಡ್ ಇರುವವರಿಗೆ ದೂರ ನಡೆಯಲು ಆಗುವುದಿಲ್ಲ. ಆದರೆ ಮೆಟ್ಟಿಲು ಹತ್ತುತ್ತಾರೆ, ಒಳಗೆ ಸೀಟಿನ ತನಕ ತಾವೇ ಹೋಗುತ್ತಾರೆ. ಎಸ್ ಅಂದರೆ ಸ್ಟೆಪ್ಸ್. ಇವರಿಗೆ ಮೆಟ್ಟಿಲು ಆಗದು, ಒಳಗೆ ನಾಲ್ಕು ಹೆಜ್ಜೆ ಹಾಕಬಲ್ಲರು. ಸಿ ಅಂದರೆ ಕ್ಯಾಬಿನ್. ಇವರನ್ನು ಸೀಟಿನ ತನಕ ಕರೆದೊಯ್ದು ಕೂರಿಸಬೇಕು.

ಕಾಗದದ ಮೇಲೆ ಬಹಳ ಸುಲಭ. ಗೋಜಲಾಗುವುದು ಪ್ರಶ್ನೆ ಕೇಳುವ ಹೊತ್ತಿನಲ್ಲಿ.

ಒಮ್ಮೆ ನಮ್ಮ ಚಿಕ್ಕಮ್ಮನ ಜೊತೆ ಹೋಗಿದ್ದೆ. ಅವರ ಎರಡೂ ಮಂಡಿ ಸವೆದಿವೆ. ಕೌಂಟರಿನ ಹುಡುಗ ಅವರನ್ನು ಬಿಟ್ಟು ನನ್ನ ಮುಖ ನೋಡಿ "ಇವರು ಮೆಟ್ಟಿಲು ಹತ್ತುತ್ತಾರಾ?" ಅಂತ ಕೇಳಿದ. (ಇದು ಎಲ್ಲ ಕಡೆ ಇರುವ ಚಾಳಿ. ಕುರ್ಚಿಯಲ್ಲಿ ಕೂತವರಿಗೆ ಕಿವಿ, ಬಾಯಿ ಎರಡೂ ಇಲ್ಲ ಅಂದುಕೊಂಡುಬಿಡುತ್ತಾರೆ.) ಚಿಕ್ಕಮ್ಮನಿಗೆ ರೇಗಿತು. "ಹತ್ತುತ್ತೀನಪ್ಪ, ನಿಧಾನಕ್ಕೆ" ಅಂದರು. ಅವನು ಆರ್ ಅಂತ ಒತ್ತಿದ. ಆ ದಿನ ವಿಮಾನ ಏರೋಬ್ರಿಜ್‌ಗೆ, ಅಂದರೆ ನಿಲ್ದಾಣದಿಂದ ನೇರ ವಿಮಾನದ ಬಾಗಿಲಿಗೆ ಸೇರಿಸುವ ಸೇತುವೆಗೆ, ಬಂದಿರಲಿಲ್ಲ, ದೂರ ನಿಂತಿತ್ತು. ಬಸ್ಸಿನಿಂದ ಇಳಿದರೆ ಎದುರಿಗೆ ಉದ್ದದ ಕಬ್ಬಿಣದ ಮೆಟ್ಟಿಲು. ಮೂರನೇ ಮೆಟ್ಟಿಲಿಗೆ ಮಂಡಿ ಹಿಡಿಯಿತು. ಹಿಂದೆ ಬಸ್ಸಿನಷ್ಟು ಜನ. ಒಬ್ಬಾಕೆ ವಾಕಿಟಾಕಿಯಲ್ಲಿ ಆಂಬುಲಿಫ್ಟ್, ಅಂದರೆ ಪೆಟ್ಟಿಗೆಯಂಥ ಕೋಣೆಯನ್ನು ವಿಮಾನದ ಬಾಗಿಲಿನ ಮಟ್ಟಕ್ಕೆ ಎತ್ತುವ ಲಾರಿ, ಕೇಳಿದರು, ಅದು ಬೇರೆ ವಿಮಾನದ ಹತ್ತಿರ ಇತ್ತು. ಅದು ಬರುವ ತನಕ ಚಿಕ್ಕಮ್ಮ ಮೆಟ್ಟಿಲ ಬುಡದಲ್ಲಿ, ಎಲ್ಲರ ಕಣ್ಣೆದುರು, ಕಂಬಿ ಹಿಡಿದು ನಿಂತಿದ್ದರು.

ತಪ್ಪು ಯಾರದು? ಒಂದು ಅಕ್ಷರದ್ದು. ಅವರು ಎಸ್ ಆಗಬೇಕಿತ್ತು. ಆಗಿದ್ದರೆ ಆಂಬುಲಿಫ್ಟ್ ಮೊದಲೇ ಬಂದು ನಿಂತಿರುತ್ತಿತ್ತು. ಅದಕ್ಕೇ ಯಾರಾದರೂ ಕೇಳಿದರೆ ನಾನು ಹೇಳುವುದು ಇಷ್ಟು: 'ಹತ್ತಬಹುದಾ' ಅಂತ ಯೋಚಿಸಬೇಡಿ. 'ಇಪ್ಪತ್ತು ಮೆಟ್ಟಿಲನ್ನು ಮಳೆಯಲ್ಲಿ, ಕೈಯಲ್ಲಿ ಚೀಲ ಹಿಡಿದು, ಹಿಂದೆ ಜನ ಕಾಯುತ್ತಿರುವಾಗ ಹತ್ತಬಹುದಾ' ಅಂತ ಯೋಚಿಸಿ.

ಇನ್ನು ಸಿ ಕೋಡಿನವರ ವಿಷಯ. ಮಾಮೂಲಿ ಗಾಲಿಕುರ್ಚಿಯ ಅಗಲ ಅರವತ್ತು ಸೆಂಟಿಮೀಟರ್ ದಾಟುತ್ತದೆ. ಸೀಟುಗಳ ನಡುವಿನ ದಾರಿ ಐವತ್ತರ ಆಸುಪಾಸು. ಹಾಗಾಗಿ ಬಾಗಿಲಲ್ಲೇ ಸ್ವಂತ ಕುರ್ಚಿ ಬಿಟ್ಟು ಐಲ್ ಚೇರ್ ಅನ್ನುವ ಸಪೂರ ಕುರ್ಚಿಗೆ ಬದಲಾಗಬೇಕು. ಅದರಲ್ಲಿ ಎದೆಗೆ, ಮಂಡಿಗೆ ಪಟ್ಟಿ ಬಿಗಿದು, ಕೈಗಳನ್ನು ಮಡಿಲಲ್ಲಿಟ್ಟುಕೊಳ್ಳಿ ಅನ್ನುತ್ತಾರೆ. ಸೀಟಿನ ಪಕ್ಕ ಬಂದ ಮೇಲೆ ಇಬ್ಬರು ಎತ್ತುತ್ತಾರೆ: ಒಬ್ಬರು ಹಿಂದಿನಿಂದ ಕಂಕುಳಲ್ಲಿ ಕೈ ಹಾಕಿ, ಇನ್ನೊಬ್ಬರು ತೊಡೆಯ ಕೆಳಗೆ. ದಾರಿ ಪಕ್ಕದ ಸೀಟಿನ ಕೈಯಾಸರೆ ಮೇಲೆದ್ದರೆ ಜಾರಿಸಿ ಕೂರಿಸಬಹುದು, ಇಲ್ಲದಿದ್ದರೆ ಅದರ ಮೇಲಿಂದ ಎತ್ತಿ ದಾಟಿಸಬೇಕು. ಬಹಳಷ್ಟು ಸೀಟುಗಳಲ್ಲಿ ಆ ಕೈಯಾಸರೆಯ ಅಡಿಯಲ್ಲಿ, ತಿರುಗಣೆಯ ಹತ್ತಿರ, ಬೆರಳಿಗೆ ಮಾತ್ರ ಸಿಗುವ ಒಂದು ಚಿಕ್ಕ ಗುಂಡಿ ಇರುತ್ತದೆ. ಅದನ್ನು ಒತ್ತಿದರೆ ಮೇಲೇಳುತ್ತದೆ. ಎತ್ತುವವರಿಗೇ ಅದು ಗೊತ್ತಿರದಿದ್ದರೆ ಹೊಡೆತ ಬೀಳುವುದು ಕೂತವರ ಸೊಂಟಕ್ಕೆ. ಬಾಯಿಬಿಟ್ಟು ತೋರಿಸಿಕೊಡುವುದರಲ್ಲಿ ತಪ್ಪೇನೂ ಇಲ್ಲ.

ಸ್ವಂತ ಕುರ್ಚಿಗೂ ಬೇರೆ ಕೋಡ್ ಉಂಟು. ಕೈಯಲ್ಲಿ ತಳ್ಳುವುದಕ್ಕೆ ಡಬ್ಲ್ಯುಸಿಎಂಪಿ, ಒಣ ಬ್ಯಾಟರಿಯದ್ದಕ್ಕೆ ಡಬ್ಲ್ಯುಸಿಬಿಡಿ, ದ್ರವ ಇರುವ ಬ್ಯಾಟರಿಗೆ ಡಬ್ಲ್ಯುಸಿಬಿಡಬ್ಲ್ಯು, ಲಿಥಿಯಂಗೆ ಡಬ್ಲ್ಯುಸಿಎಲ್‌ಬಿ. ಬೆಂಕಿಯ ಭಯ ಇರುವುದರಿಂದ ಈ ಭೇದ. ಕುರ್ಚಿಯಿಂದ ಬಿಚ್ಚುವ ಲಿಥಿಯಂ ಬ್ಯಾಟರಿಯನ್ನು ಪ್ರಯಾಣಿಕರು ತಮ್ಮ ಜೊತೆ ಒಳಗೇ ಇಟ್ಟುಕೊಳ್ಳಬೇಕು, ಅದೂ 300 ವ್ಯಾಟ್-ಅವರ್ (ಬ್ಯಾಟರಿ ಹಿಡಿಯುವ ವಿದ್ಯುತ್ತಿನ ಅಳತೆ) ಮೀರಬಾರದು. ಬ್ಯಾಟರಿ ಮೇಲಿನ ಚೀಟಿಯ ಫೋಟೋ ಫೋನಿನಲ್ಲಿದ್ದರೆ ಕೌಂಟರಿನಲ್ಲಿ ಅರ್ಧ ಗಂಟೆ ಉಳಿಯುತ್ತದೆ.

ಕುರ್ಚಿ ಮುರಿಯುವುದು ಎಲ್ಲಿ ಅಂತ ಕೇಳಿದರೆ, ಹೆಚ್ಚಾಗಿ ಸಾಮಾನಿನ ಬಾಗಿಲಲ್ಲಿ. ಬೋಯಿಂಗ್ 737ರ ಮುಂದಿನ ಸಾಮಾನು ಬಾಗಿಲಿನ ಎತ್ತರ ಸುಮಾರು 89 ಸೆಂಟಿಮೀಟರ್. ಎತ್ತರದ ಬೆನ್ನಿರುವ ಎಲೆಕ್ಟ್ರಿಕ್ ಕುರ್ಚಿ ಅದರಲ್ಲಿ ನೆಟ್ಟಗೆ ಹೋಗುವುದೇ ಇಲ್ಲ. ಬೆನ್ನು ಮಡಚಲು ಬಾರದಿದ್ದರೆ ಅಡ್ಡ ಮಲಗಿಸುತ್ತಾರೆ. ಆಗ ಪೂರ್ತಿ ಭಾರ ಜಾಯ್‌ಸ್ಟಿಕ್ ಮೇಲೆ ಬೀಳುತ್ತದೆ. ಅಮೆರಿಕದ ಕಂಪನಿಗಳು ಒಡೆದ, ಕಳೆದ, ತಡವಾಗಿ ತಲುಪಿಸಿದ ಕುರ್ಚಿಗಳ ಲೆಕ್ಕವನ್ನು 2018ರ ಡಿಸೆಂಬರಿನಿಂದ ಸರ್ಕಾರಕ್ಕೆ ಕೊಡಬೇಕು. 2023ರಲ್ಲಿ ಆ ಲೆಕ್ಕ 11 ಸಾವಿರ ದಾಟಿತ್ತು. ಅದು ಸೂಟ್‌ಕೇಸ್ ಒಡೆದಂತೆ ಅಲ್ಲ. ಒಬ್ಬರ ಕಾಲೇ ಮುರಿದಂತೆ.

ಆದರೆ ಕಾನೂನು ಅದನ್ನು ಬಹುಪಾಲು ಸೂಟ್‌ಕೇಸ್ ಅಂತಲೇ ನೋಡುತ್ತದೆ. ದೇಶದಿಂದ ದೇಶಕ್ಕೆ ಹಾರುವಾಗ ಲೆಕ್ಕಕ್ಕೆ ಬರುವುದು 1999ರ ಮಾಂಟ್ರಿಯಲ್ ಒಪ್ಪಂದ. ಅದರಲ್ಲಿ ಲಗೇಜಿಗೆ ಸಿಗುವ ಪರಿಹಾರದ ಮಿತಿ 2024ರ ಕೊನೆಯಿಂದ 1,519 ಎಸ್‌ಡಿಆರ್. ಎಸ್‌ಡಿಆರ್ ಅಂದರೆ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಹಣ. ಒಳ್ಳೆಯ ಎಲೆಕ್ಟ್ರಿಕ್ ಕುರ್ಚಿಗೆ ಇದು ಯಾವ ಮೂಲೆಗೂ ಸಾಲದು. ಚೆಕ್-ಇನ್ ಹೊತ್ತಿನಲ್ಲೇ ಕುರ್ಚಿಯ ಬೆಲೆಯನ್ನು ಬರೆದುಕೊಟ್ಟು ಮಿತಿ ಏರಿಸಿಕೊಳ್ಳಲು ಒಪ್ಪಂದದಲ್ಲಿ ದಾರಿ ಇದೆ, ಅದನ್ನು ಕೇಳುವವರು ಕಡಿಮೆ. ಅಮೆರಿಕದ ಒಳಗಿನ ಹಾರಾಟಕ್ಕೆ ಮಾತ್ರ ಕುರ್ಚಿಯನ್ನು ಕೊಂಡ ಬೆಲೆಯ ತನಕ ಕಂಪನಿ ಹೊಣೆ.

ಹೊಣೆ ಯಾರದ್ದು ಅನ್ನುವುದೂ ಊರಿಗೊಂದು ಥರ. ಅಮೆರಿಕದಲ್ಲಿ 1986ರ ಕಾಯ್ದೆಯಂತೆ ಕುರ್ಚಿ ತಳ್ಳುವ ಜವಾಬ್ದಾರಿ ವಿಮಾನ ಕಂಪನಿಯದ್ದು. ಯುರೋಪಿನಲ್ಲಿ 2008ರ ಜುಲೈನಿಂದ ಪೂರ್ತಿ ಜಾರಿಗೆ ಬಂದ ನಿಯಮದಂತೆ ಅದು ವಿಮಾನ ನಿಲ್ದಾಣದ್ದು. ಹಾಗಾಗಿ ಒಂದು ಕಡೆ ಸರಿಯಾಗಿದ್ದ ದೂರು ಇನ್ನೊಂದು ಕಡೆ ತಪ್ಪು ಕೌಂಟರಿಗೆ ಹೋಗಿ ಕೂರುತ್ತದೆ.

ಬೇರೆ ಕೋಡ್‌ಗಳೂ ಇವೆ. ಕಣ್ಣು ಕಾಣದವರಿಗೆ ಬಿಎಲ್‌ಎನ್‌ಡಿ, ಕಿವಿ ಕೇಳದವರಿಗೆ ಡಿಇಎಎಫ್, ಬುದ್ಧಿ ಬೆಳವಣಿಗೆಯ ತೊಂದರೆ ಇದ್ದು ನೆರವು ಬೇಕಾದವರಿಗೆ ಡಿಪಿಎನ್‌ಎ. ಈ ಮೂರಕ್ಕೂ ವೀಲ್‌ಚೇರ್ ಬೇಕಿಲ್ಲ. ಆದರೂ ಕುರುಡರೊಬ್ಬರು ಗೇಟ್ ತೋರಿಸಿ ಅಂದರೆ ಮೊದಲು ಬರುವುದು ಗಾಲಿಕುರ್ಚಿಯೇ. ಸುಮ್ನೆ ಕೂತುಬಿಡಿ, ಬೇಗ ಆಗುತ್ತೆ ಅನ್ನುತ್ತಾರೆ. ಚೆನ್ನಾಗಿ ನಡೆಯುವ ಮನುಷ್ಯ ಯಾಕೆ ಕೂರಬೇಕು, ಅಲ್ವಾ? ಅವರಿಗೆ ಹಿಡಿದುಕೊಳ್ಳಲು ಒಂದು ಮೊಣಕೈ ಸಾಕು. ಹೊರಗೆ ಕಾಣದ ತೊಂದರೆ ಇರುವವರಿಗೆ ಸೂರ್ಯಕಾಂತಿ ಚಿತ್ರದ ಕೊರಳಪಟ್ಟಿ ಅಂತ ಒಂದಿದೆ. 2016ರಲ್ಲಿ ಇಂಗ್ಲೆಂಡಿನ ಗ್ಯಾಟ್‌ವಿಕ್ ನಿಲ್ದಾಣದಲ್ಲಿ ಶುರುವಾಗಿ ಈಗ ಬಹಳ ಕಡೆ ಹಬ್ಬಿದೆ. ಅದು ಕೋಡ್ ಅಲ್ಲ, ಸಿಬ್ಬಂದಿಗೆ ಮೌನವಾಗಿ ಕೊಡುವ ಸೂಚನೆ.

ಎಂಇಡಿಎ ಅನ್ನುವುದನ್ನು ಇವುಗಳ ಜೊತೆ ಬೆರೆಸಬಾರದು. ಅದು ಕಾಯಿಲೆಯ ಕೋಡ್. ಹೊಸದಾಗಿ ಆಪರೇಷನ್ ಆದವರು, ಹಾರುವಾಗ ಆಮ್ಲಜನಕ ಬೇಕಾದವರು ಮೆಡಿಫ್ ಅನ್ನುವ ಫಾರಂ ತುಂಬಿಸಿ ವೈದ್ಯರ ಸಹಿ ತರಬೇಕು. ಹತ್ತು ವರ್ಷದಿಂದ ಗಾಲಿಕುರ್ಚಿಯಲ್ಲಿ ಆರಾಮಾಗಿ ಓಡಾಡುವವರು ರೋಗಿಯಲ್ಲ. ಅವರಿಂದ ಈ ಫಾರಂ ಕೇಳುವುದು ಅರ್ಥವಿಲ್ಲದ ಮಾತು.

48 ಗಂಟೆ ಮೊದಲೇ ತಿಳಿಸಿ ಅಂತ ಬಹಳ ಕಡೆ ಹೇಳುತ್ತಾರಲ್ಲ, ಅದಕ್ಕೆ ಕಾರಣ ಇದೆ. ಯುರೋಪಿನ ನಿಯಮದಲ್ಲಿ ಕಂಪನಿಗಳು ಈ ಪಟ್ಟಿಯನ್ನು 36 ಗಂಟೆ ಮೊದಲೇ ನಿಲ್ದಾಣಕ್ಕೆ ದಾಟಿಸಬೇಕು. ಅದರ ಮೇಲೆ ಆಂಬುಲಿಫ್ಟ್, ಎತ್ತುವ ಆಳುಗಳ ಪಾಳಿ ನಿಗದಿಯಾಗುತ್ತದೆ. ವಿಮಾನ ಹೊರಟ ಮೇಲೆ ಇಳಿಯುವ ನಿಲ್ದಾಣಕ್ಕೂ ಒಂದು ಸಂದೇಶ ಹೋಗುತ್ತದೆ: ಯಾವ ಸೀಟು, ಯಾವ ಕೋಡ್. ಅಲ್ಲಿಯ ಸಿಬ್ಬಂದಿ ಅದನ್ನು ನೋಡಿ 'ಎರಡು ಚಾರ್ಲಿ, ಒಂದು ರೋಮಿಯೋ' ಅಂತ ಎಣಿಸಿಕೊಳ್ಳುತ್ತಾರೆ. ಸಿ ಅಕ್ಷರಕ್ಕೆ ಚಾರ್ಲಿ, ಆರ್‌ಗೆ ರೋಮಿಯೋ.

ಇನ್ನೊಂದು ಮರೆಯುವ ಹಾಗಿಲ್ಲ. ಕೋಡ್ ಅಂಟುವುದು ಮನುಷ್ಯನಿಗಲ್ಲ, ಒಂದೊಂದು ಹಾರಾಟಕ್ಕೆ. ನಡುವೆ ವಿಮಾನ ಬದಲಿಸಿ, ಎರಡನೆಯದಕ್ಕೆ ಬೇರೆ ಟಿಕೆಟ್ ಕೊಂಡಿದ್ದರೆ ಅದಕ್ಕೆ ಮತ್ತೆ ಹೇಳಬೇಕು. ವಾಪಸ್ ಬರುವುದಕ್ಕೂ ಅದು ದಾಖಲಾಗಿದೆಯಾ ಅಂತ ನೋಡಬೇಕು. ಫೋನಿನಲ್ಲಿ ಮಾತಾಡುವಾಗ 'ವೀಲ್‌ಚೇರ್ ಹಾಕಿದ್ದೀರಾ' ಅಂತ ಕೇಳಿದರೆ ಹೌದು ಅಂತಲೇ ಉತ್ತರ ಬರುತ್ತದೆ. 'ಕೊನೇ ಅಕ್ಷರ ಯಾವುದು ಹಾಕಿದ್ದೀರಿ' ಅಂತ ಕೇಳಿ.