ಶತಾವರಿ ಮನೆಯಲ್ಲಿದೆ, ಕೂಸು ಎಲ್ಲಿದೆ?

ಕೊಪ್ಪಳದ ನನ್ನ ದವಾಖಾನೆಗೆ ಬಾಣಂತಿಯರನ್ನು ಕರೆತರುವವರದು ಒಂದೇ ಪ್ರಶ್ನೆ. “ಹಾಲು ಸಾಲವಲ್ದ್ರಿ ಡಾಕ್ಟರ್ರ. ಶತಾವರಿ ಇನ್ನೊಂದು ಚಮಚ ಹೆಚ್ಚಿಗಿ ಹಾಕ್ಲೇನ್ರಿ?”

ನಾನು ಆಯುರ್ವೇದ ವೈದ್ಯೆ. ಎದೆಹಾಲು ಹೆಚ್ಚಲಿ ಅಂತ ಬಾಣಂತಿಗೆ ಕೊಡುವ ಈ ಬೇರನ್ನು ನಾನೂ ಬರೆದುಕೊಡುತ್ತೇನೆ, ಅದರ ಮೇಲೆ ನಂಬಿಕೆಯೂ ಇದೆ. ಆದರೆ ಕೂಸು ಚೀಪಿದಷ್ಟೇ ಹಾಲು. ಎದೆ ಖಾಲಿಯಾದರೆ ಮೈ ಮತ್ತೆ ಹಾಲು ಮಾಡುತ್ತದೆ. ತುಂಬಿಯೇ ಉಳಿದರೆ ಕಡಿಮೆ ಮಾಡುತ್ತಾ ಹೋಗುತ್ತದೆ. ಬಾಟಲಿ ಹಾಲು ಕುಡಿದು ಮಲಗಿದ ಕೂಸು ಎದೆಗೆ ಬಾಯಿ ಹಾಕುವುದಿಲ್ಲ. ಆಗ ಬೇರು ಏನು ಮಾಡೀತು? ಮೊದಲ ವಾರಗಳಲ್ಲಿ ದಿನಕ್ಕೆ 8ರಿಂದ 12 ಸಲ ಕುಡಿಸಬೇಕು. ರಾತ್ರಿಯೂ ಸೇರಿ. ರಾತ್ರಿಯೂ ಅಂತ ಎರಡು ಸಲ ಹೇಳುತ್ತೇನೆ, ಯಾಕಂದ್ರೆ ಎಲ್ಲರೂ ಮರೆಯುವುದು ಅದನ್ನೇ.

ಯಲಬುರ್ಗಾ ಕಡೆಯ ಅಜ್ಜಿಯೊಬ್ಬರು ಮಗಳನ್ನು ಕರೆತಂದರು. ಹೆರಿಗೆಯಾಗಿ 12 ದಿನ. ಸ್ಟೀಲ್ ಡಬ್ಬಿಯಲ್ಲಿ ಹಸಿ ಬೇರು. ಬೆರಳುದ್ದದ, ತುದಿ ಚೂಪಾದ ಗೆಡ್ಡೆಗಳು. ಸಿಪ್ಪೆ ಸುಲಿದು, ನಡುವಿನ ಗಟ್ಟಿ ನಾರನ್ನು ಒಂದೊಂದರಿಂದಲೂ ಎಳೆದು ತೆಗೆದಿದ್ದರು. ಒಂದೇ ಬುಡಕ್ಕೆ ಇಂಥವು ಗೊಂಚಲು ಗೊಂಚಲಾಗಿ ಇರುತ್ತವೆ. ‘ಹಲವು ಮಕ್ಕಳ ತಾಯಿ ಬೇರು’ ಅನ್ನುವ ಹೆಸರು ಸುಮ್ನೆ ಬಂದಿಲ್ಲ.

“ರಾತ್ರಿ ಕೂಸು ಯಾರ ಹತ್ರ ಮಲಗತೈತ್ರಿ ಅಮ್ಮ?”

“ನನ್ನ ಕಡೆನ ರೀ. ಬಾಣಂತಿಗೆ ನಿದ್ದಿ ಬೇಕಲ್ರಿ. ನಾನ ಬಾಟ್ಲಿ ಕೊಡ್ತೀನಿ.”

ಅಷ್ಟು ಅಕ್ಕರೆಯ ಮುಂದೆ ಏನಂತ ಬೈಯಲಿ? ಕೂಸಿನ ತೂಕ ನೋಡಿದೆ. ಎದೆಗೆ ಹಿಡಿದಾಗ ಬರೀ ತೊಟ್ಟಿನ ತುದಿ ಚೀಪುತ್ತಿತ್ತು. ಬಾಯಿ ಅಗಲ ತೆರೆಸಿ ಹಿಡಿಯುವುದನ್ನು ಕಲಿಸಿದೆ. ರಾತ್ರಿ ಕೂಸನ್ನು ಅವ್ವನ ಪಕ್ಕದಲ್ಲೇ ಮಲಗಿಸಿ ಅಂದೆ. ಬಾಟಲಿಯನ್ನು ಒಮ್ಮೆಲೇ ಬಿಡಿಸಲಿಲ್ಲ, ತೂಕ ನೋಡುತ್ತಾ ಇಳಿಸಿದೆವು. ವಾರದಲ್ಲಿ ತೂಕ ಏರಿತು. ಬಾಣಂತಿಗೆ ಬೇರು ಕುದಿಸಿದ ಹಾಲನ್ನೂ ಮುಂದುವರಿಸಿದೆ.

ಬೇರಿಗೆ ಎಷ್ಟು ಪಾಲು ಕೊಡಬೇಕು? ನಮ್ಮ ದೇಶದಲ್ಲೇ 1996ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ಶತಾವರಿಯಿಂದ ಹೆಚ್ಚಿನ ಗುಣ ಕಾಣಲಿಲ್ಲ. 2011ರ ಇನ್ನೊಂದರಲ್ಲಿ ಕಂಡಿತು. ಎರಡೂ ಚಿಕ್ಕವು. ಹಾಗಾಗಿ ನಾನು ಕೊಡುತ್ತೇನೆ, ಆದರೆ ಅದೊಂದನ್ನೇ ನೆಚ್ಚುವುದಿಲ್ಲ. ಅಂಗಡಿಯಲ್ಲಿ ಹರಳು ಹರಳಾಗಿ ಸಿಗುವ ಶತಾವರಿ ಪುಡಿಯಲ್ಲಿ ಬಹಳ ಸಲ ಸಕ್ಕರೆಯೇ ಜಾಸ್ತಿ. ಬಸಿರಲ್ಲಿ ಸಕ್ಕರೆ ಕಾಯಿಲೆ ಇದ್ದವರು ಕೇಳದೆ ತಗೋಬೇಡಿ.

ಐದು ದಿನ ದಾಟಿದ ಕೂಸು ದಿನಕ್ಕೆ ಆರು ಸಲಕ್ಕಿಂತ ಕಡಿಮೆ ಉಚ್ಚೆ ಹೊಯ್ದರೆ, ಎಬ್ಬಿಸಿದರೂ ಕುಡಿಯದೆ ಮಂಕಾಗಿದ್ದರೆ ಶತಾವರಿ ಕುದಿಸುತ್ತಾ ಕೂರಬೇಡಿ. ಅವತ್ತೇ ಮಕ್ಕಳ ಡಾಕ್ಟರಿಗೆ ತೋರಿಸಿ.