ರಾತ್ರಿ ತೆಗೆದಿಟ್ಟ ಹಲ್ಲಿನ ಸೆಟ್ಟು: ಮೊದಲು ಉಜ್ಜು, ಆಮೇಲೆ ನೆನೆಸು

ಈ ವಾರ ಪಾರ್ಷಿಯಲ್ ಸೆಟ್ಟಿನ, ಅಂದರೆ ತೆಗೆದು ಮತ್ತೆ ಹಾಕಿಕೊಳ್ಳುವ ಕೆಲವೇ ಹಲ್ಲುಗಳ ಸೆಟ್ಟಿನ, ಆರೈಕೆ ಪಾಠ ಮುಗಿಯಿತು. ಎಲ್ಲಾ ತಿಳಿದಿದೆ ಅಂದುಕೊಂಡಿದ್ದೆ. ರಾತ್ರಿ ರಾಯಚೂರಿನ ಮನೆಯಲ್ಲಿ ಅಜ್ಜಿಗೆ ಹೇಳಿಕೊಡಲು ಕೂತಾಗ ಒಂದು ಪ್ರಶ್ನೆಗೆ ಉತ್ತರ ಬರಲಿಲ್ಲ. ಅದನ್ನೇ ಇಲ್ಲಿ ಜಾಸ್ತಿ ಬರೆದಿದ್ದೇನೆ.

ಅಜ್ಜಿ ಕೆಳಗಡೆ 4 ಹಲ್ಲು ಕಟ್ಟಿಸಿಕೊಂಡಿದ್ದಾಳೆ. ಗುಲಾಬಿ ಬಣ್ಣದ ಆಕ್ರಿಲಿಕ್ (ಒಂದು ಬಗೆಯ ಗಟ್ಟಿ ಪ್ಲಾಸ್ಟಿಕ್), ಎರಡೂ ಕಡೆ ಒಂದೊಂದು ತಂತಿ ಕೊಕ್ಕೆ. ಮಲಗುವಾಗ ತೆಗೆದು, ಸೆರಗಿನಲ್ಲಿ ಒರೆಸಿ, ಕರವಸ್ತ್ರದಲ್ಲಿ ಸುತ್ತಿ ಗೋಡೆಯ ಮಾಡದಲ್ಲಿ ಇಡುತ್ತಿದ್ದಳು. ನೀರಿನಲ್ಲಿಡಬೇಕು ಅಂದೆ. "ರಾತ್ರೆಲ್ಲಾ ನೀರಾಗ ಇಟ್ರ ಬೂಷ್ಟು ಹಿಡಿಯಂಗಿಲ್ಲೇನವ್ವಾ? ಒಣಗಿದ್ರ ಚೊಲೊ ಅಲ್ಲೇನು?" ಅಂದಳು.

ಸರಿಯಾದ ಪ್ರಶ್ನೆ ಅಲ್ವಾ? ಪಾತ್ರೆ ತೊಳೆದು ನಾವು ಒಣಗಿಸುತ್ತೇವೆ, ನೀರಿನಲ್ಲಿ ಬಿಡುವುದಿಲ್ಲ. ನಾನು ತಪ್ಪಿದ್ದು ಇಲ್ಲೇ. ಆಕಾರ ಕಾಪಾಡುವುದು, ಕೊಳೆ ತೆಗೆಯುವುದು, ಈ ಎರಡು ಕೆಲಸವನ್ನು ಒಂದೇ ಅಂದುಕೊಂಡಿದ್ದೆ.

ನೀರು ಬೇಕಾಗಿರುವುದು ಆಕಾರಕ್ಕೆ. ಆಕ್ರಿಲಿಕ್ ನಿಧಾನವಾಗಿ ನೀರು ಹೀರುತ್ತೆ, ಬಾಯಿಯಲ್ಲಿ ಯಾವಾಗಲೂ ಒದ್ದೆಯಾಗೇ ಇರುತ್ತೆ. ಹೊರಗಿಟ್ಟರೆ ಆ ನೀರು ಆರಿ ಸ್ವಲ್ಪ ಕುಗ್ಗುತ್ತೆ, ಸೊಟ್ಟಾಗಬಹುದು. ನಮ್ಮೂರ ಬೇಸಿಗೆಯಲ್ಲಿ 40 ಡಿಗ್ರಿ ದಾಟಿದ ದಿನ, ತಿರುಗೋ ಫ್ಯಾನಿನ ಗಾಳಿಯಲ್ಲಿ, ಎಷ್ಟು ಬೇಗ ಒಣಗುತ್ತೆ ಯೋಚಿಸಿ.

ಬೂಷ್ಟಿನ ಮಾತು ಬೇರೆ. ಬಾಯಿಯಲ್ಲಿ ತೊಂದರೆ ಕೊಡುವ ಶಿಲೀಂಧ್ರದ ಹೆಸರು ಕ್ಯಾಂಡಿಡಾ. ಸೆಟ್ಟಿನ ಮೇಲೆ ಕೂತ ಲೋಳೆ ಪದರದಲ್ಲಿ ಅದು ಬೆಳೆಯುತ್ತೆ. ಬರೀ ನೀರು ಆ ಪದರವನ್ನು ಬಿಡಿಸುವುದಿಲ್ಲ. ಉಜ್ಜದೆ ನೀರಿಗೆ ಹಾಕಿದರೆ ಕೊಳೆಯನ್ನೇ ನೆನೆಸಿಟ್ಟ ಹಾಗೆ. ಒಣಗಿದರೆ ಶಿಲೀಂಧ್ರ ಕಡಿಮೆಯಾಗುತ್ತೆ ಅನ್ನುವುದೂ ನಿಜ, ಅಜ್ಜಿ ಪೂರ್ತಿ ತಪ್ಪಲ್ಲ. ಆದರೆ ಆ ಕೆಲಸವನ್ನು ಬ್ರಷ್ಷಿಗೆ ಬಿಟ್ಟರೆ ಆಕಾರವೂ ಉಳಿಯುತ್ತೆ.

ಅವಳ ಸೆಟ್ಟನ್ನು ಬೆಳಕಿಗೆ ಹಿಡಿದು ನೋಡಿದೆ. ಹಲ್ಲಿನ ಕಡೆ ಹೊಳೆಯುತ್ತಿತ್ತು. ವಸಡಿಗೆ ತಾಗುವ ಒಳಬದಿಯಲ್ಲಿ ಉಗುರಿಗೆ ಹತ್ತುವಂಥ ಹಳದಿ ಲೋಳೆ. ಕೊಕ್ಕೆಯ ಒಳಬಾಗಿನಲ್ಲಿ ಜೋಳದ ರೊಟ್ಟಿಯ ಚೂರು ಮೆತ್ತಿಕೊಂಡಿತ್ತು. ಆದ್ದರಿಂದ ಉಜ್ಜುವುದನ್ನು ಒಳಬದಿಯಿಂದ, ಕೊಕ್ಕೆಯಿಂದ ಶುರು ಮಾಡಿ.

ಮೆತ್ತನೆ ಬ್ರಷ್, ಸೌಮ್ಯವಾದ ಸೋಪು ಸಾಕು. ಹಲ್ಲಿನ ಪೇಸ್ಟು, ಪುಡಿ ಬೇಡ, ಆಕ್ರಿಲಿಕ್ ಮೇಲೆ ಗೀರು ಬೀಳುತ್ತೆ, ಗೀರಿನಲ್ಲಿ ಮತ್ತೆ ಕೊಳೆ. ಕೆಳಗೆ ಬೋಗುಣಿಯಲ್ಲಿ ನೀರು ತುಂಬಿಡಿ, ಕೈಜಾರಿದರೂ ಒಡೆಯಲ್ಲ. ಕುದಿಯುವ ನೀರು ಬೇಡವೇ ಬೇಡ.

ಬ್ಲೀಚ್ ವಿಷಯ: ಲೋಹವಿಲ್ಲದ ಪೂರ್ತಿ ಆಕ್ರಿಲಿಕ್ ಸೆಟ್ಟಿಗೂ ತೆಳು ದ್ರಾವಣ, ಅದೂ 10 ನಿಮಿಷ ಮೀರಬಾರದು. ಕೊಕ್ಕೆ ಅಥವಾ ಲೋಹದ ಚೌಕಟ್ಟು ಇದ್ದರೆ ಮುಟ್ಟಲೇಬೇಡಿ, ಲೋಹ ತಿನ್ನುತ್ತೆ. ಕ್ಲೀನಿಂಗ್ ಮಾತ್ರೆ ಹಾಕುವುದಾದರೆ ಪೊಟ್ಟಣದ ಮೇಲೆ ಬರೆದಷ್ಟೇ ಹೊತ್ತು. ಮಾತ್ರೆ ನುಂಗುವಂಥದ್ದಲ್ಲ, ಮಕ್ಕಳ ಕೈಗೆ ಸಿಗದಂತಿಡಿ.

ರಾತ್ರಿ ತೆಗೆಯಲೇಬೇಕಾ? ಹೌದು, ವಸಡಿಗೆ ವಿಶ್ರಾಂತಿ ಬೇಕು. 2015ರಲ್ಲಿ ಪ್ರಕಟವಾದ ಜಪಾನಿನ ಅಧ್ಯಯನದಲ್ಲಿ 85 ದಾಟಿದ 524 ಹಿರಿಯರನ್ನು ಗಮನಿಸಿದ್ದರು. ಸೆಟ್ಟು ಹಾಕಿಕೊಂಡೇ ಮಲಗುವವರಲ್ಲಿ ನ್ಯುಮೋನಿಯಾ ಅಪಾಯ ಎರಡರಷ್ಟಕ್ಕಿಂತ ಜಾಸ್ತಿ ಕಂಡಿತು. ಹಲ್ಲು ಕಿತ್ತ ದಿನವೇ ಹಾಕಿದ ಸೆಟ್ಟು ಮಾತ್ರ ಬೇರೆ, ಮೊದಲ ದಿನ ಅದನ್ನು ವೈದ್ಯರು ಹೇಳುವವರೆಗೂ ತೆಗೆಯಬಾರದು. ಉಳಿದ ಸ್ವಂತ ಹಲ್ಲು, ಅದರಲ್ಲೂ ಕೊಕ್ಕೆ ಹಿಡಿಯುವ ಹಲ್ಲನ್ನು, ರಾತ್ರಿ ಚೆನ್ನಾಗಿ ಉಜ್ಜಬೇಕು. ಅದು ಹುಳುಕಾದರೆ ಸೆಟ್ಟು ಹಿಡಿಯೋಕೆ ಏನೂ ಇರಲ್ಲ.

ಅಜ್ಜಿಯ ಸೆಟ್ಟು ಈಗ ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಫಿಲ್ಟರ್ ನೀರಿನಲ್ಲಿ ಮುಳುಗಿರುತ್ತೆ. ಬೋರಿನ ಗಡಸು ನೀರಾದರೆ ಬಿಳಿ ಪದರ ಕೂರುತ್ತೆ. ಬೆಳಿಗ್ಗೆ ಹಳೆ ನೀರು ಚೆಲ್ಲಿ, ತೊಳೆದು, ಎರಡೂ ಕಡೆ ಬೆರಳಿನಿಂದ ಒತ್ತಿ ಹಾಕಿಕೊಳ್ಳುತ್ತಾಳೆ. ಮೊದಲು ಕಚ್ಚಿ ಕೂರಿಸುತ್ತಿದ್ದಳು. ಹಾಗೆ ಕಚ್ಚಿಯೇ ಎಡಗಡೆ ಕೊಕ್ಕೆ ಬಾಗಿತ್ತು, ಅದನ್ನು ವೈದ್ಯರ ಹತ್ತಿರ ಸರಿಮಾಡಿಸಿಕೊಂಡು ಬಂದೆವು.